ಸರಪಳಿ ಹರಿದ ಮೇಲೂ ಉಳಿದ ಏಣಿ

(ಧಾರಾವಿಯಲ್ಲಿ ನೆರೆದ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ಹೈಟಿಯ ಗುಲಾಮರ ಕ್ರಾಂತಿ. ಅದಕ್ಕಿಂತ ಹೆಚ್ಚಾಗಿ, ಆ ಕ್ರಾಂತಿಯ ಒಡಲಿನಲ್ಲಿಯೇ ನಡೆದ ಅಧಿಕಾರದ ಕಾದಾಟ ಮತ್ತು ಬಣ್ಣದ ಭೇದ. ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿ ಎರಡು ಶತಮಾನಗಳ ಹಿಂದೆ ನಡೆದ ಸಂಗತಿಯಿಂದ ಧಾರಾವಿಯ ಕನ್ನಡಿಗರಿಗೆ ಆಗಬೇಕಾದುದೇನು ಎಂದು ನಿಮ್ಮಲ್ಲಿ ಕೆಲವರಾದರೂ ಕೇಳಿಕೊಂಡಿರಬಹುದು. ಆ ಪ್ರಶ್ನೆ ನ್ಯಾಯವಾದುದು. ಅದಕ್ಕೆ ಉತ್ತರ ಕೊಡುವುದೇ ನನ್ನ ಮಾತಿನ ಉದ್ದೇಶವಾದ್ದರಿಂದ, ಮೊದಲು ನಮ್ಮ ಕಾಲಡಿಯ ನೆಲದಿಂದಲೇ ಆರಂಭಿಸುತ್ತೇನೆ.

ಇದೇ ಧಾರಾವಿಯಲ್ಲಿ ಜನ ಕಾಲಾ ಕಿಲ್ಲಾ ಎಂದು ಕರೆಯುವ ರೀವಾ ಕೋಟೆಯಿದೆ. ಮುಂಬಯಿಯ ಗವರ್ನರ್ ಜಾನ್ ಹಾರ್ನ್ ಎಂಬವನ ಆಜ್ಞೆಯಂತೆ 1737ರಲ್ಲಿ ಕಟ್ಟಿದುದೆಂದು ಅದರ ಕಲ್ಲಿನ ಫಲಕ ಹೇಳುತ್ತದೆ. ಅದಕ್ಕೆ ಅರ್ಧ ಶತಮಾನದಷ್ಟು ಹಿಂದೆ, 1689ರಲ್ಲಿ, ಜಂಜಿರಾದ ಸಿದ್ದಿ ಯಾಕೂತ್ ಖಾನನು ಶಿವಡಿಯಲ್ಲಿ ಸೈನ್ಯ ಇಳಿಸಿ, ಮಝಗಾಂವ್ ಮತ್ತು ಮಾಹೀಮ್‌ಗಳನ್ನು ವಶಪಡಿಸಿಕೊಂಡು, ಇಂಗ್ಲಿಷರನ್ನು ಅವರ ಕೋಟೆಯೊಳಗೇ ಕೂಡಿಹಾಕಿದ್ದ. ಅವರು ಔರಂಗಜೇಬನಲ್ಲಿ ಕ್ಷಮೆ ಬೇಡಿ ದಂಡ ತೆತ್ತ ಮೇಲೆಯೇ, 1690ರಲ್ಲಿ, ಅವನು ದ್ವೀಪವನ್ನು ಬಿಟ್ಟು ಹೋದ. ಈ ಸಿದ್ದಿಗಳು ಯಾರು? ಆಫ್ರಿಕದಿಂದ ಗುಲಾಮರಾಗಿ, ಸಿಪಾಯಿಗಳಾಗಿ ಈ ಕರಾವಳಿಗೆ ಬಂದವರ ಸಂತತಿ. ಇಂಗ್ಲಿಷರನ್ನು ಮಣಿಸಿದ ಆಫ್ರಿಕದ ಮೂಲದವರ ಚರಿತ್ರೆ ನಮ್ಮ ಈ ನಗರದ ಚರಿತ್ರೆಯೂ ಹೌದು.

ಇನ್ನು ನಮ್ಮ ಕನ್ನಡ ನೆಲದ ಮಾತು. ಇಲ್ಲಿ ನೆರೆದಿರುವ ಅನೇಕರ ಹಿರಿಯರು ಬಿಜಾಪುರ, ಕಲಬುರ್ಗಿ, ರಾಯಚೂರು ಕಡೆಯವರು. ಆ ಬಿಜಾಪುರದಲ್ಲಿ 1580ರಲ್ಲಿ ಮೊದಲನೆಯ ಅಲಿ ಆದಿಲ್ ಶಾಹನು ಕೊಲೆಯಾಗಿ, ಬಾಲಕನಾದ ಎರಡನೆಯ ಇಬ್ರಾಹಿಮನು ಪಟ್ಟಕ್ಕೆ ಬಂದಾಗ ರಾಜ್ಯದ ಹಿಡಿತಕ್ಕಾಗಿ ಪೈಪೋಟಿ ನಡೆಯಿತು. ಇರಾನ್ ಮೊದಲಾದ ದೇಶಗಳಿಂದ ಬಂದ ಅಫಾಕಿಗಳದು ಒಂದು ಪಕ್ಷ. ಇಲ್ಲಿಯೇ ನೆಲೆನಿಂತ ದಖನಿಗಳದು ಇನ್ನೊಂದು ಪಕ್ಷ. ದಖನಿಗಳ ಜೊತೆಗೆ ಅಬಿಸೀನಿಯದ ಮೂಲದ ಹಬಶಿಗಳು. ಕೊನೆಗೆ ಇಖ್ಲಾಸ್ ಖಾನ್, ಹಮೀದ್ ಖಾನ್, ದಿಲಾವರ್ ಖಾನ್ ಎಂಬ ಹಬಶಿ ಸರದಾರರ ಕೈಗೆ ಆಡಳಿತ ಬಂದಿತು. ಆದರೆ ಹೊರಗಿನ ಪಕ್ಷವನ್ನು ಸೋಲಿಸಿದ ಕೆಲವೇ ದಿನಗಳಲ್ಲಿ ಅವರೊಳಗೇ ವೈರ ಹುಟ್ಟಿತು. 1582ರಲ್ಲಿ ದಿಲಾವರ್ ಖಾನನು ತನ್ನ ಜೊತೆಗಾರನಾದ ಇಖ್ಲಾಸ್ ಖಾನನ ಕಣ್ಣು ಕೀಳಿಸಿ ಅಧಿಕಾರವನ್ನೆಲ್ಲ ತಾನೇ ಹಿಡಿದ. 1590ರಲ್ಲಿ ಅವನನ್ನೂ ಇಬ್ರಾಹಿಮನು ಹೊರದೂಡಿದ. ಅಹಮದ್‌ನಗರದಲ್ಲಿ ಮೊಗಲರ ದಂಡನ್ನು ಕಾಲು ಶತಮಾನ ಕಾಲ ತಡೆದು ನಿಲ್ಲಿಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನು ಕೂಡ ಬಾಲ್ಯದಲ್ಲಿ ಮಾರಾಟವಾಗಿ ಬಂದವನೇ.

ಈ ಹಬಶಿ ಸರದಾರರ ಸಾಹಸ ಅಸಾಧಾರಣವಾದುದು. ಆದರೂ ಒಂದು ಸತ್ಯವನ್ನು ಗಮನಿಸಬೇಕು. ಗುಲಾಮನು ಮಂತ್ರಿಯಾದನೇ ಹೊರತು ಗುಲಾಮಗಿರಿ ಹೋಗಲಿಲ್ಲ. ಮೇಲೇರಿದವನು ತಾನೂ ಗುಲಾಮರನ್ನು ಕೊಂಡ. ಮಲಿಕ್ ಅಂಬರನೂ ಹಬಶಿಗಳನ್ನು ಕೊಂಡು ತನ್ನ ಪಡೆ ಕಟ್ಟಿದ. ಇತ್ತ ಗೋವೆಯಲ್ಲಿ ಪೋರ್ತುಗೀಸರ ವಸಾಹತುಶಾಹಿಯ ಕೆಳಗೆ ದುಡಿದ ಆಫ್ರಿಕದವರಿಗೆ ಮೇಲೇರುವ ಆ ಬಾಗಿಲೂ ಇರಲಿಲ್ಲ. ಅವರಲ್ಲಿ ಹಲವರು ತಪ್ಪಿಸಿಕೊಂಡು ಉತ್ತರ ಕನ್ನಡದ ಅಡವಿಗೆ ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಬಂಧುಗಳು ಅವರ ಸಂತತಿಯವರು. ಹೀಗೆ ನಮ್ಮ ಚರಿತ್ರೆಯಲ್ಲಿ ಗುಲಾಮಗಿರಿಯಿಂದ ಹೊರಬರುವ ಎರಡು ದಾರಿಗಳು ಕಾಣುತ್ತವೆ. ಒಂದು ಅರಮನೆಯ ದಾರಿ, ಇನ್ನೊಂದು ಅಡವಿಯ ದಾರಿ. ಗುಲಾಮರೇ ಒಟ್ಟಾಗಿ ಎದ್ದು ಆ ವ್ಯವಸ್ಥೆಯನ್ನೇ ಕಾನೂನಿನಿಂದ ಅಳಿಸಿಹಾಕಿ, ತಮ್ಮದೇ ರಾಜ್ಯವನ್ನು ಸ್ಥಾಪಿಸಿದ ಮೂರನೆಯ ದಾರಿ ಆಧುನಿಕ ಚರಿತ್ರೆಯಲ್ಲಿ ಪೂರ್ಣವಾಗಿ ಸಿದ್ಧಿಸಿದ್ದು ಹೈಟಿಯಲ್ಲಿ ಮಾತ್ರ. ಅದಕ್ಕೆಂದೇ ಅಲ್ಲಿಗೆ ಹೋಗಬೇಕಾಗಿದೆ.

ಹಿಸ್ಪಾನಿಯೋಲ ದ್ವೀಪದ ಪಶ್ಚಿಮದ ಮೂರನೆಯ ಒಂದು ಭಾಗ 1697ರ ಒಪ್ಪಂದದಿಂದ ಫ್ರಾನ್ಸಿನ ವಶವಾಯಿತು. ಫ್ರೆಂಚರು ಅದನ್ನು ಸಾಂ ದೊಮಾಂಗ್ ಎಂದು ಕರೆದರು. ಹದಿನೆಂಟನೆಯ ಶತಮಾನದ ಕೊನೆಗೆ ಯುರೋಪು ಬಳಸುತ್ತಿದ್ದ ಸಕ್ಕರೆಯಲ್ಲಿ ಶೇಕಡಾ 40ರಷ್ಟು, ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ಪುಟ್ಟ ವಸಾಹತಿನಿಂದಲೇ ಹೋಗುತ್ತಿತ್ತು. 1789ರಲ್ಲಿ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು 30ರಿಂದ 40 ಸಾವಿರ. ಗುಲಾಮರಲ್ಲದ ಮಿಶ್ರವರ್ಣದವರೂ ಬಿಡುಗಡೆ ಪಡೆದ ಕರಿಯರೂ ಸೇರಿ 28 ಸಾವಿರದಷ್ಟು. ಕಬ್ಬಿನ ಗದ್ದೆಯಲ್ಲಿಯೂ ಗಾಣದ ಮನೆಯಲ್ಲಿಯೂ ಗುಲಾಮರು ಎಷ್ಟು ಬೇಗ ಸಾಯುತ್ತಿದ್ದರೆಂದರೆ, ಹುಟ್ಟಿದ ಮಕ್ಕಳಿಂದ ಆ ಸಂಖ್ಯೆ ತುಂಬುತ್ತಿರಲಿಲ್ಲ. ಹಡಗುಗಳಲ್ಲಿ ಹೊಸಬರನ್ನು ತರುತ್ತಲೇ ಇರಬೇಕಾಗಿತ್ತು. ಆದ್ದರಿಂದ ಕ್ರಾಂತಿಯ ಹೊತ್ತಿಗೆ ಗುಲಾಮರಲ್ಲಿ ಹೆಚ್ಚಿನವರು ಆಫ್ರಿಕದಲ್ಲಿಯೇ ಹುಟ್ಟಿದವರಾಗಿದ್ದರು.

ಇಷ್ಟೊಂದು ಜನರನ್ನು ಇಷ್ಟು ಸ್ವಲ್ಪ ಜನ ಹೇಗೆ ಹಿಡಿದಿಟ್ಟರು? ಚಾವಟಿಯಿಂದ ಎಂಬುದು ಅರ್ಧ ಉತ್ತರ. ಉಳಿದರ್ಧ ಏಣಿಯಲ್ಲಿದೆ. ಬಿಳಿಯರಲ್ಲಿ ತೋಟದ ಒಡೆಯರಾದ ದೊಡ್ಡ ಬಿಳಿಯರು, ಅವರ ಕೆಳಗೆ ಗುಮಾಸ್ತ, ಕುಶಲಕರ್ಮಿ, ಅಂಗಡಿಕಾರರಾದ ಸಣ್ಣ ಬಿಳಿಯರು. ಇವರ ಕೆಳಗೆ ಮಿಶ್ರವರ್ಣದ ಸ್ವತಂತ್ರರು. ಬಿಳಿಯ ತಂದೆಗೂ ಕರಿಯ ತಾಯಿಗೂ ಹುಟ್ಟಿದವರು ಇವರಲ್ಲಿ ಬಹಳ. ಕೆಲವರು ಕಾಫಿ ತೋಟಗಳ ಒಡೆಯರು, ಸ್ವತಃ ಗುಲಾಮರನ್ನು ಇಟ್ಟುಕೊಂಡವರು. ಓಡಿಹೋದ ಗುಲಾಮರನ್ನು ಹಿಡಿದು ತರುವ ಕಾವಲು ಪಡೆಯಲ್ಲಿ ದುಡಿಯುತ್ತಿದ್ದವರೂ ಇವರೇ. ಆದರೆ 1773ರ ಕಟ್ಟಳೆಯಂತೆ ಇವರು ತಮ್ಮ ಬಿಳಿಯ ತಂದೆಯ ಮನೆತನದ ಹೆಸರನ್ನು ಇಟ್ಟುಕೊಳ್ಳುವಂತಿರಲಿಲ್ಲ. ಕೆಳಗೆ ಗುಲಾಮರಲ್ಲಿಯೂ ಮನೆಗೆಲಸದವರು ಬೇರೆ, ಗದ್ದೆಯವರು ಬೇರೆ. ದ್ವೀಪದಲ್ಲಿ ಹುಟ್ಟಿದ ಕ್ರಿಯೋಲರು ಬೇರೆ, ಆಫ್ರಿಕದಿಂದ ಬಂದ ಬೊಸಾಲರು ಬೇರೆ. ಆ ಕಾಲದ ವಕೀಲ, ಗ್ರಂಥಕಾರ ಮೊರೊ ದ ಸಾಂ ಮೆರಿ ಎಂಬವನು ಮನುಷ್ಯನ ರಕ್ತವನ್ನು 128 ಭಾಗಗಳಾಗಿ ಎಣಿಸಿ, ಎಷ್ಟು ಭಾಗ ಬಿಳಿಯದಾದರೆ ಯಾವ ಹೆಸರು ಎಂಬ ಪಟ್ಟಿಯನ್ನೇ ಮಾಡಿದ. ನಮ್ಮ ಜಾತಿಗಳ ಪಟ್ಟಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸಲಾರದು.

1789ರಲ್ಲಿ ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಘೋಷಣೆಯಾದಾಗ ಈ ಏಣಿಯ ಪ್ರತಿಯೊಂದು ಮೆಟ್ಟಿಲಿನವರೂ ಅದನ್ನು ತಮ್ಮ ಮೆಟ್ಟಿಲಿನವರೆಗೆ ಮಾತ್ರ ಓದಿಕೊಂಡರು. ದೊಡ್ಡ ಬಿಳಿಯರಿಗೆ ಅದು ವ್ಯಾಪಾರದ ಸ್ವಾತಂತ್ರ್ಯ. ಸಣ್ಣ ಬಿಳಿಯರಿಗೆ ದೊಡ್ಡ ಬಿಳಿಯರೊಡನೆ ಸಮಾನತೆ. ಮಿಶ್ರವರ್ಣದ ಶ್ರೀಮಂತನಾದ ವಿನ್ಸೆಂಟ್ ಒಜೆ 1790ರ ಅಕ್ಟೋಬರದಲ್ಲಿ ಬಂಡೆದ್ದುದು ತನ್ನವರಿಗೆ ಮತದ ಹಕ್ಕು ಬೇಕೆಂದು. ಗುಲಾಮರನ್ನೂ ಜೊತೆಗೆ ಸೇರಿಸಿಕೊಳ್ಳೋಣ ಎಂದು ಅವನ ಜೊತೆಗಾರ ಶಾವಾನ್ ಹೇಳಿದರೂ ಒಜೆ ಒಪ್ಪಲಿಲ್ಲ. ಕೆಲವು ನೂರು ಜನರೊಂದಿಗೆ ಸೋತ ಆ ಇಬ್ಬರನ್ನೂ 1791ರ ಫೆಬ್ರವರಿಯಲ್ಲಿ ಬಿಳಿಯರು ಚಕ್ರಕ್ಕೆ ಕಟ್ಟಿ ಮೂಳೆ ಮುರಿದು ಕೊಂದರು. ಕೆಳಗಿನ 5 ಲಕ್ಷ ಜನರ ಕೈ ಹಿಡಿಯಲು ಹೇಸಿದವನಿಗೆ ಮೇಲಿನವರು ಕೊಟ್ಟ ಉತ್ತರ ಅದು.

ಆಮೇಲೆ ಪ್ಯಾರಿಸ್ಸಿನ ಸಭೆ 1791ರ ಮೇ 15ರಂದು ಒಂದು ನಿರ್ಣಯ ಮಾಡಿತು. ತಂದೆ ತಾಯಿ ಇಬ್ಬರೂ ಸ್ವತಂತ್ರರಾಗಿದ್ದು ಅವರಿಗೆ ಹುಟ್ಟಿದ, ಆಸ್ತಿಯುಳ್ಳ ಮಿಶ್ರವರ್ಣದವರಿಗೆ ಮಾತ್ರ ಮತದ ಹಕ್ಕು. ಈ ನಿಯಮದಲ್ಲಿ ಅರ್ಹರಾಗುತ್ತಿದ್ದವರು ಬಹಳ ಸ್ವಲ್ಪ ಜನ. ಆದರೂ ಬಿಳಿಯರು ಅದನ್ನು ಒಪ್ಪಲಿಲ್ಲ. ಈ ನಿಯಮವನ್ನು ನೆನಪಿನಲ್ಲಿಡಿ. ಮುಂದೆ ಧಾರಾವಿಯ ಮಾತು ಬಂದಾಗ ಇದನ್ನು ಮತ್ತೆ ಎತ್ತಿಕೊಳ್ಳುತ್ತೇನೆ.

ಮೇಲಿನವರು ಹೀಗೆ ಮೆಟ್ಟಿಲುಗಳ ಲೆಕ್ಕದಲ್ಲಿ ತೊಡಗಿದ್ದಾಗ, 1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನಲ್ಲಿ ಗುಲಾಮರು ಎದ್ದರು. ಬೂಕ್‌ಮನ್ ಎಂಬವನು ಅವರ ಮೊದಲ ನಾಯಕ. ಕೆಲವೇ ವಾರಗಳಲ್ಲಿ ನೂರಾರು ಕಬ್ಬಿನ ತೋಟಗಳು ಬೂದಿಯಾದವು. ಅದೇ ವರ್ಷ ಪಶ್ಚಿಮದಲ್ಲಿ ಮಿಶ್ರವರ್ಣದವರು ಬಿಳಿಯರ ವಿರುದ್ಧ ಹೋರಾಡುವಾಗ ಕೆಲವು ನೂರು ಗುಲಾಮರಿಗೆ ಆಯುಧ ಕೊಟ್ಟು ತಮ್ಮ ಜೊತೆ ಸೇರಿಸಿಕೊಂಡಿದ್ದರು. ಅವರನ್ನು ಸ್ವಿಸ್ಸರು ಎಂದು ಕರೆಯುತ್ತಿದ್ದರು. ಬಿಳಿಯರೊಡನೆ ಒಪ್ಪಂದವಾದ ಕೂಡಲೇ ಆ ಜೊತೆಗಾರರನ್ನು ಹಡಗಿಗೆ ಹತ್ತಿಸಿ ಗಡಿಪಾರು ಮಾಡಲು ಮಿಶ್ರವರ್ಣದ ನಾಯಕರು ಸಮ್ಮತಿಸಿದರು. ಅವರಲ್ಲಿ ಹೆಚ್ಚಿನವರು ಮತ್ತೆ ಬದುಕಿ ಬರಲಿಲ್ಲ. ಮಿಶ್ರವರ್ಣದವರ ಬಗ್ಗೆ ಕರಿಯರಲ್ಲಿ ಬಹುಕಾಲ ಉಳಿದ ಅಪನಂಬಿಕೆಗೆ ಬೇರು ಇಂಥ ಘಟನೆಗಳಲ್ಲಿದೆ.

ಆದರೆ ಬರಿಯ ಬಣ್ಣದಿಂದ ಎಲ್ಲವನ್ನೂ ವಿವರಿಸಲಾಗದು. 1791ರ ಕೊನೆಗೆ ಬಂಡುಕೋರ ಗುಲಾಮರ ನಾಯಕರಾದ ಜಾಂ ಫ್ರಾಂಸ್ವಾ ಮತ್ತು ಬಿಯಾಸೂ ಬಿಳಿಯರೊಡನೆ ಸಂಧಾನಕ್ಕೆ ಕುಳಿತರು. ಅವರ ಬೇಡಿಕೆ ಏನು? ನಾನೂರು ಮಂದಿ ನಾಯಕರಿಗೆ ಬಿಡುಗಡೆ ಕೊಟ್ಟರೆ ಸಾಕು, ಉಳಿದವರನ್ನು ತೋಟಗಳಿಗೆ ಮರಳಿ ಕಳಿಸುತ್ತೇವೆ ಎಂದು. ಚೌಕಾಸಿಯಲ್ಲಿ ಆ ಸಂಖ್ಯೆ ಅರವತ್ತಕ್ಕೂ ಇಳಿಯಿತು. ಈ ನಾಯಕರು ಕರಿಯರು, ಗುಲಾಮಗಿರಿಯ ಚಾವಟಿಯನ್ನು ಕಂಡವರು. ಆದರೂ ಲಕ್ಷಾಂತರ ಜನರನ್ನು ಅರವತ್ತು ಕಾಗದಗಳಿಗೆ ಮಾರಲು ಸಿದ್ಧರಾದರು. ಆ ಮಾರಾಟ ತಪ್ಪಿದ್ದು ಬಿಳಿಯರ ಸೊಕ್ಕಿನಿಂದ. ವಸಾಹತಿನ ಸಭೆ ಆ ಅರವತ್ತನ್ನೂ ನಿರಾಕರಿಸಿತು. ಏಣಿಯನ್ನು ಒಡೆಯನು ಕಟ್ಟಿದ್ದಿರಬಹುದು. ಆದರೆ ಏರಲು ಹಂಬಲಿಸುವ ಮನಸ್ಸು ಬಂಡುಕೋರನಲ್ಲಿಯೂ ಇರುತ್ತದೆ.

ಮುಂದೆ ಸ್ಪೇನ್ ಮತ್ತು ಬ್ರಿಟನ್ನುಗಳು ಯುದ್ಧಕ್ಕಿಳಿದವು. ಫ್ರೆಂಚ್ ಪ್ರತಿನಿಧಿ ಸೊಂತೊನಾ ತನ್ನ ಗಣರಾಜ್ಯವನ್ನು ಉಳಿಸಿಕೊಳ್ಳಲು ಸಿಪಾಯಿಗಳಿಗಾಗಿ ಪರದಾಡುತ್ತ, 1793ರ ಆಗಸ್ಟ್ 29ರಂದು ಉತ್ತರ ಪ್ರಾಂತದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ. 1794ರ ಫೆಬ್ರವರಿ 4ರಂದು ಪ್ಯಾರಿಸ್ಸಿನ ಸಭೆ ಅದನ್ನು ಎಲ್ಲ ಫ್ರೆಂಚ್ ವಸಾಹತುಗಳಿಗೂ ವಿಸ್ತರಿಸಿತು. ಬಿಡುಗಡೆಯನ್ನು ಪ್ಯಾರಿಸ್ಸು ದಾನ ಕೊಟ್ಟಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡೂವರೆ ವರ್ಷ ಉರಿದ ಗದ್ದೆಗಳು ಅದನ್ನು ಬರೆಸಿಕೊಂಡವು.

ಈ ಹೊತ್ತಿಗೆ ಮುಂದೆ ಬಂದವನು ತೂಸಾಂ ಲುವೆರ್ತೂರ್. ಗುಲಾಮನಾಗಿ ಹುಟ್ಟಿ, ಕ್ರಾಂತಿಗೆ ಮೊದಲೇ ಬಿಡುಗಡೆ ಪಡೆದು, ಕೆಲಕಾಲ ತಾನೇ ಗುಲಾಮರನ್ನು ದುಡಿಸಿದ್ದವನು. ಅಪ್ರತಿಮ ಸೇನಾನಿ, ಚತುರ ರಾಜನೀತಿಜ್ಞ. 1798ರಲ್ಲಿ ಬ್ರಿಟಿಷರನ್ನು ಅವನು ದ್ವೀಪದಿಂದ ಹೊರಡಿಸಿದ. ದಕ್ಷಿಣದಲ್ಲಿ ಅವನಿಗೆ ಸರಿಸಾಟಿಯಾಗಿ ನಿಂತವನು ಆಂದ್ರೆ ರಿಗೊ. ಬಿಳಿಯ ತಂದೆ, ಕರಿಯ ತಾಯಿ; ಫ್ರಾನ್ಸಿನಲ್ಲಿ ಕಲಿತವನು; ಅವನೂ ಬ್ರಿಟಿಷರೊಡನೆ ಶೌರ್ಯದಿಂದ ಹೋರಾಡಿದವನು. ಹೊರಗಿನ ಶತ್ರು ತೊಲಗಿದ ಮರುವರ್ಷವೇ, 1799ರ ಜೂನಿನಲ್ಲಿ, ಇವರಿಬ್ಬರ ನಡುವೆ ಕತ್ತಿಗಳ ಯುದ್ಧ ಎಂದು ಹೆಸರಾದ ಕದನ ಹತ್ತಿತು. ಅದಕ್ಕೆ ಮೊದಲು ಫ್ರಾನ್ಸಿನ ಪ್ರತಿನಿಧಿ ಎದೂವಿಲ್, ದ್ವೀಪವನ್ನು ಬಿಟ್ಟು ಹೋಗುವಾಗ, ನೀನು ತೂಸಾಂಗೆ ಅಧೀನನಾಗಬೇಕಾಗಿಲ್ಲ ಎಂಬ ಅರ್ಥದ ಪತ್ರವನ್ನು ರಿಗೊಗೆ ಬರೆದು ಹೋಗಿದ್ದ. ಕಿಡಿ ಹಾಕಿದವನು ಅವನು. ಆದರೆ ಒಣಹುಲ್ಲು ಮೊದಲೇ ರಾಶಿಬಿದ್ದಿತ್ತು.

ಈ ಯುದ್ಧವನ್ನು ಕರಿಯರಿಗೂ ಮಿಶ್ರವರ್ಣದವರಿಗೂ ನಡೆದ ಯುದ್ಧವೆಂದು ಹೇಳುವ ವಾಡಿಕೆಯಿದೆ. ಆದರೆ ರಿಗೊನ ಸೈನ್ಯದಲ್ಲಿ ಸಿಪಾಯಿಗಳಾಗಿದ್ದವರಲ್ಲಿ ಹೆಚ್ಚಿನವರು ಕರಿಯರೇ. ತೂಸಾಂನ ಬಳಿ ಮಿಶ್ರವರ್ಣದ ಅಧಿಕಾರಿಗಳಿದ್ದರು. ಬಂದರು, ಸುಂಕ, ತೋಟಗಳ ಹುಟ್ಟುವಳಿ, ಸೈನ್ಯದ ಪದವಿ ಇವು ಯಾರ ಕೈಯಲ್ಲಿರಬೇಕೆಂಬುದು ಜಗಳದ ತಿರುಳು. ಆ ಜಗಳಕ್ಕೆ ಜನರನ್ನು ಕೂಡಿಸಲು ನಾಯಕರು ಬಣ್ಣದ ಭಾಷೆಯನ್ನು ಬಳಸಿದರು. ಮುತ್ತಿಗೆಗೆ ಸಿಕ್ಕಿದ ಜಾಕ್‌ಮೆಲ್ ಪಟ್ಟಣದಲ್ಲಿ ಜನ ಹಸಿವಿನಿಂದ ಸತ್ತರು. 1800ರ ಮಾರ್ಚಿನಲ್ಲಿ ಅದು ಬಿದ್ದಿತು. ಸೋತ ರಿಗೊ, ಪೆತಿಯೊಂ, ಬೋಯೆ ಫ್ರಾನ್ಸಿಗೆ ಓಡಿದರು. ಗೆದ್ದ ಪಕ್ಷದ ದಂಡನಾಯಕ ದೆಸಾಲಿನ್ ದಕ್ಷಿಣದಲ್ಲಿ ಸೇಡು ತೀರಿಸಿದ. ಗದ್ದೆಯಲ್ಲಿ ದುಡಿಯುವವನಿಗೆ ಇದರಿಂದ ದೊರೆತದ್ದೇನು? 1800ರ ಅಕ್ಟೋಬರದಲ್ಲಿ ತೂಸಾಂ ಹೊರಡಿಸಿದ ಆಜ್ಞೆ: ರೈತನು ತನ್ನ ತೋಟವನ್ನು ಬಿಟ್ಟು ಹೋಗಕೂಡದು, ಸಿಪಾಯಿಯಂತೆ ಶಿಸ್ತಿಗೆ ಒಳಪಟ್ಟು ದುಡಿಯಬೇಕು. ಗುಲಾಮ ಎಂಬ ಹೆಸರು ಹೋಗಿತ್ತು. ತೋಟ ಹಾಗೆಯೇ ಇತ್ತು. 1801ರಲ್ಲಿ ಉತ್ತರದ ತೋಟಗಳ ದುಡಿಮೆಗಾರರು ಇದರ ವಿರುದ್ಧ ಎದ್ದಾಗ, ಅವರ ಪರ ನಿಂತನೆಂದು ತನ್ನ ಬಂಧುವೇ ಆದ ಸೇನಾಪತಿ ಮೊಯೀಸನನ್ನು ತೂಸಾಂ ಗುಂಡಿಕ್ಕಿಸಿದ.

ಮರುವರ್ಷ, 1802ರಲ್ಲಿ, ನೆಪೋಲಿಯನ್ ತನ್ನ ತಂಗಿಯ ಗಂಡ ಲೆಕ್ಲೇರನ ಕೈಕೆಳಗೆ ಕಳಿಸಿದ ಭಾರಿ ಸೈನ್ಯ ಬಂದಿಳಿಯಿತು. ರಿಗೊ, ಪೆತಿಯೊಂ, ಬೋಯೆ ಆ ಹಡಗುಗಳಲ್ಲಿಯೇ ಮರಳಿ ಬಂದರು. ಕೆಲವು ತಿಂಗಳ ಹೋರಾಟದ ಬಳಿಕ ಕ್ರಿಸ್ತೋಫ್, ದೆಸಾಲಿನ್ ಕೂಡ ಫ್ರೆಂಚರ ಪಕ್ಷ ಸೇರಿದರು. ಸಂಧಾನಕ್ಕೆಂದು ಕರೆಸಿ ತೂಸಾಂನನ್ನು ಸೆರೆಹಿಡಿದು ಫ್ರಾನ್ಸಿಗೆ ಸಾಗಿಸಿದರು. 1803ರ ಏಪ್ರಿಲಿನಲ್ಲಿ ಮಂಜಿನ ಬೆಟ್ಟದ ಕೋಟೆಯೊಂದರಲ್ಲಿ ಅವನು ಸತ್ತ. ದೊಡ್ಡ ಸೇನಾಪತಿಗಳೆಲ್ಲ ಶರಣಾದ ಆ ತಿಂಗಳುಗಳಲ್ಲಿ ಯುದ್ಧವನ್ನು ನಿಲ್ಲಿಸದೆ ಬೆಟ್ಟಗಳಲ್ಲಿ ಉಳಿದವರು ಆಫ್ರಿಕದಲ್ಲಿ ಹುಟ್ಟಿದ ಬೊಸಾಲರ ಪಡೆಗಳು. ಅವರಲ್ಲೊಬ್ಬ ನಾಯಕ ಸಾಂ ಸೂಸಿ. ಗ್ವಾದಲೂಪ್ ದ್ವೀಪದಲ್ಲಿ ಗುಲಾಮಗಿರಿಯನ್ನು ಮತ್ತೆ ಜಾರಿಗೆ ತಂದರೆಂಬ ಸುದ್ದಿ ಬಂದ ಮೇಲೆ, 1802ರ ಅಕ್ಟೋಬರದ ಹೊತ್ತಿಗೆ ದೆಸಾಲಿನ್ ಮತ್ತು ಪೆತಿಯೊಂ ಹಳೆಯ ಹಗೆಯನ್ನು ಬದಿಗಿಟ್ಟು ಒಂದಾದರು. ಆದರೆ ನಿನ್ನೆ ಫ್ರೆಂಚರ ಪರವಾಗಿ ನಮ್ಮನ್ನೇ ಬೇಟೆಯಾಡಿದವರಿಗೆ ಇಂದು ನಾವೇಕೆ ಅಧೀನರಾಗಬೇಕು ಎಂದು ಸಾಂ ಸೂಸಿ ಹಿಂಜರಿದ. ಮಾತುಕತೆಗೆಂದು ಬಂದ ಅವನನ್ನು ಕ್ರಿಸ್ತೋಫನ ಕಡೆಯವರು ಕೊಂದರು. ಮುಂದೆ ಅರಸನಾದ ಕ್ರಿಸ್ತೋಫ್ ಕಟ್ಟಿಸಿದ ಅರಮನೆಯ ಹೆಸರೂ ಸಾಂ ಸೂಸಿ. ಅರಮನೆಯನ್ನು ಜಗತ್ತು ಬಲ್ಲದು; ಆ ಹೆಸರಿನ ಹೋರಾಟಗಾರನನ್ನು ಬಲ್ಲವರು ಕೆಲವರು ಮಾತ್ರ.

1803ರ ನವೆಂಬರ್ 18ರಂದು ಫ್ರೆಂಚರು ಕೊನೆಯದಾಗಿ ಸೋತರು. 1804ರ ಜನವರಿ 1ರಂದು ಹೈಟಿ ಸ್ವತಂತ್ರವಾಯಿತು. ದೆಸಾಲಿನನ ಆಜ್ಞೆಯಂತೆ ಅಲ್ಲಿ ಉಳಿದಿದ್ದ ಫ್ರೆಂಚ್ ಬಿಳಿಯರಲ್ಲಿ ಬಹುಮಂದಿಯನ್ನು ಆ ವರ್ಷವೇ ಕೊಂದರು. ಹೆಂಗಸರು, ಮಕ್ಕಳನ್ನೂ ಬಿಡಲಿಲ್ಲ. ಈ ಹತ್ಯೆಯನ್ನು ಮುಚ್ಚಿಡುವುದು ಕ್ರಾಂತಿಗೆ ಗೌರವ ತೋರುವ ರೀತಿಯಲ್ಲ.

ಇಲ್ಲಿಂದ ಮುಂದಿನದು ನನ್ನ ಮಾತಿನ ಕೇಂದ್ರ. 1805ರ ಹೈಟಿಯ ಸಂವಿಧಾನ ಒಂದು ಅಪೂರ್ವವಾದ ವಿಧಿಯನ್ನು ಬರೆಯಿತು. ಹೈಟಿಯ ಪ್ರಜೆಗಳ ನಡುವೆ ಬಣ್ಣದ ಭೇದ ಇರಕೂಡದು. ಇನ್ನು ಮುಂದೆ ಎಲ್ಲರೂ ಕರಿಯರು ಎಂಬ ಒಂದೇ ಹೆಸರಿನಿಂದ ಕರೆಯಲ್ಪಡತಕ್ಕದ್ದು. ಮಿಶ್ರವರ್ಣದವನೂ ಕರಿಯನೇ, ಫ್ರೆಂಚರ ಸೈನ್ಯವನ್ನು ಬಿಟ್ಟು ಬಂದು ಪ್ರಜೆಯಾದ ಪೋಲೆಂಡಿನ ಬಿಳಿಯನೂ ಕರಿಯನೇ. ಒಡೆಯನು ಬೈಗುಳವಾಗಿ ಬಳಸಿದ ಹೆಸರನ್ನು ಮರ್ಯಾದೆಯ ಹೆಸರನ್ನಾಗಿ ಎತ್ತಿಕೊಂಡ ಆ ಧೈರ್ಯಕ್ಕೆ ತಲೆಬಾಗಬೇಕು. ಆದರೆ ಹೆಸರು ಒಂದಾಯಿತೇ ವಿನಾ ನೆಲ ಹಂಚಿಕೆಯಾಗಲಿಲ್ಲ. ಬಿಳಿಯರು ಬಿಟ್ಟುಹೋದ ತೋಟಗಳಿಗೆ, ತಂದೆಯ ಆಸ್ತಿ ನಮ್ಮದೆಂದು ಮಿಶ್ರವರ್ಣದವರು ಹಕ್ಕು ಹೂಡಿದರು. ಆಫ್ರಿಕದಲ್ಲಿ ತಂದೆತಾಯಂದಿರನ್ನು ಬಿಟ್ಟುಬಂದ ಕರಿಯರಿಗೆ ಏನೂ ಇಲ್ಲವೇ ಎಂದು ದೆಸಾಲಿನ್ ಆ ಹಕ್ಕುಪತ್ರಗಳನ್ನು ಪರೀಕ್ಷಿಸತೊಡಗಿದ. ಆದರೆ ಅವನ ಆಳ್ವಿಕೆಯಲ್ಲಿಯೂ ದುಡಿಯುವವನಿಗೆ ಬಲವಂತದ ದುಡಿಮೆ ತಪ್ಪಿರಲಿಲ್ಲ. 1806ರ ಅಕ್ಟೋಬರ್ 17ರಂದು ಅವನ ಅಧಿಕಾರಿಗಳೇ ಅವನನ್ನು ಹೊಂಚುಹಾಕಿ ಕೊಂದರು. ದೇಶ ಎರಡಾಯಿತು. ಉತ್ತರದಲ್ಲಿ ಕರಿಯ ಕ್ರಿಸ್ತೋಫನ ರಾಜ್ಯ, ದಕ್ಷಿಣದಲ್ಲಿ ಮಿಶ್ರವರ್ಣದ ಪೆತಿಯೊಂನ ಗಣರಾಜ್ಯ. 1820ರವರೆಗೆ ಹೀಗೆಯೇ ನಡೆಯಿತು.

ಒಡಕನ್ನು ಹೊರಗಿನವರು ಬಳಸಿಕೊಳ್ಳದೆ ಬಿಡುವರೆ? 1825ರಲ್ಲಿ ಫ್ರಾನ್ಸಿನ ಅರಸನು ಯುದ್ಧನೌಕೆಗಳನ್ನು ಕಳಿಸಿ, ನಿಮ್ಮ ಸ್ವಾತಂತ್ರ್ಯಕ್ಕೆ ಮನ್ನಣೆ ಬೇಕಾದರೆ ನಮ್ಮ ತೋಟಗಾರರಿಗೆ ಆದ ನಷ್ಟಕ್ಕೆ 15 ಕೋಟಿ ಫ್ರಾಂಕ್ ಕೊಡಿ ಎಂದ. ಅಧ್ಯಕ್ಷ ಬೋಯೆ ಒಪ್ಪಿದ. 1838ರಲ್ಲಿ ಆ ಮೊತ್ತ 9 ಕೋಟಿಗೆ ಇಳಿದರೂ, ಅದನ್ನು ತೀರಿಸಲು ಎತ್ತಿದ ಸಾಲದ ಸರಪಳಿ 1947ರವರೆಗೂ ಆ ದೇಶವನ್ನು ಬಿಗಿದಿತ್ತು. ಹಣ ಹುಟ್ಟಿದ್ದು ಎಲ್ಲಿಂದ? ಕಾಫಿ ಬೆಳೆದ ರೈತನ ಬೆವರಿನಿಂದ. ಮತ್ತೆ ಅದೇ ಏಣಿಯ ಕೆಳಗಿನ ಮೆಟ್ಟಿಲು.

ಬಂಧುಗಳೆ, ಇನ್ನು ಮರಳಿ ಇಲ್ಲಿಗೆ ಬರೋಣ. ಗುಲಾಮಗಿರಿಯ ಚರಿತ್ರೆಯನ್ನು ನಮ್ಮ ನಾಡಿನ ಅನುಭವದೊಡನೆ ಇಟ್ಟು ನೋಡಿದವರಲ್ಲಿ ಮೊದಲಿಗರು ಇದೇ ಮಹಾರಾಷ್ಟ್ರದವರು. ಮಹಾತ್ಮಾ ಜೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಗ್ರಂಥವನ್ನು, ಕರಿಯರ ಗುಲಾಮಗಿರಿಯನ್ನು ತೊಡೆದುಹಾಕಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬ ಅಂಬೇಡ್ಕರರು 1946ರಲ್ಲಿ ಅಮೆರಿಕದ ಕರಿಯ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು ವಿಚಾರಿಸಿದರು. 1972ರಲ್ಲಿ ಈ ನಗರದಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ತನ್ನ ಹೆಸರನ್ನು ಅಮೆರಿಕದ ಕರಿಯರ ಸಂಘಟನೆಯಿಂದ ಪಡೆಯಿತು; 1974ರಷ್ಟರಲ್ಲಿಯೇ ನಾಮದೇವ ಢಸಾಳ ಮತ್ತು ರಾಜಾ ಢಾಲೆಯವರ ನಡುವೆ ಬಿರುಕು ಬಿಟ್ಟಿತು. ಕರ್ನಾಟಕದ ದಲಿತ ಸಂಘರ್ಷ ಸಮಿತಿಯೂ ಹಲವು ಬಣಗಳಾಯಿತು. ಜಾತಿಯೂ ಬಣ್ಣವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಜಾತಿಯು ಜನಾಂಗದ ವಿಭಜನೆಯಲ್ಲ, ಒಂದೇ ಜನಾಂಗದೊಳಗಿನ ಸಾಮಾಜಿಕ ವಿಭಜನೆ ಎಂದು ಅಂಬೇಡ್ಕರರೇ 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದ್ದಾರೆ. ಆದರೆ ಅವರು ಶ್ರೇಣೀಕೃತ ಅಸಮಾನತೆ ಎಂದು ಹೆಸರಿಟ್ಟು ತೋರಿಸಿದ ರೋಗಲಕ್ಷಣ ಸಾಂ ದೊಮಾಂಗಿಗೂ ಒಪ್ಪುತ್ತದೆ. ಪ್ರತಿಯೊಬ್ಬನ ಕೆಳಗೂ ಇನ್ನೊಬ್ಬನಿದ್ದಾನೆ. ಆದ್ದರಿಂದ ಕೊನೆಯವನ ಹೊರತು ಯಾರಿಗೂ ಇಡೀ ಏಣಿಯನ್ನು ಕೆಡವುವ ಆಸೆಯಿಲ್ಲ.

ಇದು ಬೇರೆಯವರ ಸಮಾಚಾರವೆಂದು ಹೊರನಾಡ ಕನ್ನಡಿಗರಾದ ನಾವು ಸುಮ್ಮನಿರಬಹುದೆ? ಮುಂಬಯಿಯಲ್ಲಿ ನಾವೆಲ್ಲ ಕನ್ನಡಿಗರು ಎಂಬ ಒಂದು ಹೆಸರಿನಲ್ಲಿ ಸೇರುತ್ತೇವೆ. 1805ರ ಹೈಟಿಯ ಹೆಸರಿನಂತೆ ಅದೂ ಒಂದು ದೊಡ್ಡ ಹೆಸರು. ಅದರೊಳಗೆ ಕರಾವಳಿಯಿಂದ ಬಂದು ಹೋಟೆಲು ನಡೆಸಿದ ಮಾಲೀಕರಿದ್ದಾರೆ, ಆ ಹೋಟೆಲಿನಲ್ಲಿ ತಟ್ಟೆ ತೊಳೆದ ಮಾಣಿಗಳಿದ್ದಾರೆ, ಬ್ಯಾಂಕಿನ ಅಧಿಕಾರಿಗಳಿದ್ದಾರೆ, ಕಲಬುರ್ಗಿ, ಬಿಜಾಪುರಗಳಿಂದ ಬರಗಾಲಕ್ಕೆ ಬೆದರಿ ಬಂದು ಕಟ್ಟಡದ ಇಟ್ಟಿಗೆ ಹೊತ್ತವರು, ಗಟಾರ ತೊಳೆದವರು, ಚರ್ಮದ ಕೆಲಸಕ್ಕೆ ಸೇರಿದವರು ಇದ್ದಾರೆ. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಯಾರು, ಕುರ್ಚಿ ಹಾಕುವವರು ಯಾರು ಎಂದು ಪ್ರತಿಯೊಂದು ಸಂಘವೂ ತನ್ನನ್ನು ತಾನೇ ಕೇಳಿಕೊಳ್ಳಲಿ.

ಈ ಭೇದದ ಫಲ ಬರಿಯ ಮಾನಾಪಮಾನದಲ್ಲಿ ಮುಗಿಯುವುದಿಲ್ಲ. ಒಂದು ನಿದರ್ಶನ ಕೊಡುತ್ತೇನೆ. ಒಂದು ರಾಜ್ಯದ ಪರಿಶಿಷ್ಟ ಜಾತಿಯವನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಅಲ್ಲಿ ಅವನಿಗೆ ಆ ಸವಲತ್ತು ದೊರೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರಲ್ಲಿ, ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಕರಣದಲ್ಲಿಯೇ ತೀರ್ಪಿತ್ತಿತು. 1994ರಲ್ಲಿಯೂ 2018ರಲ್ಲಿಯೂ ಅದನ್ನೇ ಎತ್ತಿಹಿಡಿಯಿತು. ಎರಡೂ ರಾಜ್ಯಗಳ ಪಟ್ಟಿಯಲ್ಲಿ ಅದೇ ಜಾತಿಯ ಹೆಸರಿದ್ದರೂ ಇದೇ ನಿಯಮ. ಪರಿಶಿಷ್ಟ ಜಾತಿಗಳ ರಾಷ್ಟ್ರಪತಿ ಆಜ್ಞೆ ಹೊರಟ 1950ರ ಆಗಸ್ಟ್ 10ಕ್ಕೆ ಮೊದಲೇ ತಮ್ಮ ಹಿರಿಯರು ಇಲ್ಲಿದ್ದರೆಂದು ತೋರಿಸಬಲ್ಲವರಿಗೆ ಒಂದು ಗತಿ, ತೋರಿಸಲಾರದವರಿಗೆ ಇನ್ನೊಂದು ಗತಿ. ಗಟಾರ ತೊಳೆಯುವ ಕೆಲಸ ಕೊಡುವಾಗ ಯಾರೂ ಕೇಳದ ಕಾಗದವನ್ನು ಮಗಳಿಗೆ ಕಾಲೇಜು ಸೇರಿಸುವಾಗ ಕೇಳುತ್ತಾರೆ. ಇದು ಹೊರನಾಡ ಕನ್ನಡಿಗರಲ್ಲಿ ಕೊನೆಯ ಮೆಟ್ಟಿಲಿನವರ ಪ್ರಶ್ನೆ. ಭಾಷೆಯ ಪ್ರಶ್ನೆ, ಗಡಿಯ ಪ್ರಶ್ನೆಗಳಿಗೆ ನಮ್ಮ ಸಂಘಗಳು ಕೊಟ್ಟ ದನಿಯ ಒಂದಂಶವನ್ನಾದರೂ ಇದಕ್ಕೆ ಕೊಡಬೇಡವೆ?

ಎರಡನೆಯ ನಿದರ್ಶನ ನಿಮ್ಮ ಮನೆಬಾಗಿಲಿನದು. ಧಾರಾವಿ ಪುನರಭಿವೃದ್ಧಿ ಯೋಜನೆಯ ಮನೆಗಳ ಸಮೀಕ್ಷೆ 2024ರಲ್ಲಿ ಆರಂಭವಾಯಿತು. ಯೋಜನೆಯ ನಿಯಮದಂತೆ 2000ದ ಜನವರಿ 1ಕ್ಕೆ ಮೊದಲಿನಿಂದ ನೆಲಮಹಡಿಯಲ್ಲಿ ವಾಸವಾಗಿರುವವರಿಗೆ ಧಾರಾವಿಯಲ್ಲಿಯೇ ಉಚಿತ ಮನೆ. ಅನಂತರ ಬಂದವರಿಗೂ ಮಾಳಿಗೆಯ ಮೇಲಿರುವವರಿಗೂ ಧಾರಾವಿಯ ಹೊರಗೆ, ಹಣ ತೆತ್ತು ಅಥವಾ ಬಾಡಿಗೆಯ ಕರಾರಿನ ಮೇಲೆ. ಒಂದೇ ಗೋಡೆ, ಒಂದೇ ನಲ್ಲಿ, ಒಂದೇ ಏಣಿ. ಕೆಳಗಿನವರು ಒಂದು ಪಟ್ಟಿಯಲ್ಲಿ, ಮೇಲಿನವರು ಇನ್ನೊಂದರಲ್ಲಿ. 1791ರ ಮೇ ತಿಂಗಳ ನಿಯಮವನ್ನು ನೆನಪಿನಲ್ಲಿಡಿ ಎಂದು ಹೇಳಿದ್ದು ಇದಕ್ಕಾಗಿ. ಯೋಜನೆ ಬೇಕೋ ಬೇಡವೋ ಎಂಬುದನ್ನು ಇಲ್ಲಿ ಬಾಳುವ ನೀವು ನಿರ್ಧರಿಸಬೇಕು. ಆದರೆ ಪಟ್ಟಿಯಲ್ಲಿ ಹೆಸರು ಬಂದವರು, ನಮ್ಮದಾಯಿತಲ್ಲ ಎಂದು ಬಾಗಿಲು ಹಾಕಿಕೊಂಡರೆ, ಅರವತ್ತು ಕಾಗದಗಳಿಗೆ ಸಂಧಾನ ಮಾಡಿದವರಿಗಿಂತ ನಾವು ಭಿನ್ನರಾಗುವುದಿಲ್ಲ.

ಒಳಗಿನ ಭೇದವನ್ನು ಎತ್ತಿ ಆಡಿದರೆ ಒಗ್ಗಟ್ಟು ಮುರಿಯುತ್ತದೆ ಎನ್ನುವವರಿದ್ದಾರೆ. ಹೈಟಿಯ ಚರಿತ್ರೆ ಹೇಳುವುದು ಇದಕ್ಕೆ ವಿರುದ್ಧವಾದುದನ್ನು. ಅಲ್ಲಿ ಜನ ಒಂದಾದಾಗಲೆಲ್ಲ ನೆಪೋಲಿಯನ್ನನ ದಂಡೂ ಸೋತಿತು. ಹಂಚಿಕೆಯ ಪ್ರಶ್ನೆಯನ್ನು ಯುದ್ಧ ಮುಗಿಯಲಿ, ಆಮೇಲೆ ನೋಡೋಣ ಎಂದು ಮುಂದೂಡಿದಾಗಲೆಲ್ಲ ಒಗ್ಗಟ್ಟು ಯುದ್ಧದೊಂದಿಗೆ ಮುಗಿಯಿತು. ಕರ್ನಾಟಕದಲ್ಲಿ ಎಡಗೈ, ಬಲಗೈ ಸಮುದಾಯಗಳ ನಡುವೆ ದಶಕಗಳ ಕಾಲ ನಡೆದ ಒಳಮೀಸಲಾತಿಯ ಚರ್ಚೆಯೂ ಇದನ್ನೇ ತೋರಿಸುತ್ತದೆ. ಒಳವರ್ಗೀಕರಣಕ್ಕೆ ಸಂವಿಧಾನದ ಅಡ್ಡಿಯಿಲ್ಲವೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪು ನೀಡಿತು. ಕೆಳಗಿನವನ ಪಾಲನ್ನು ಲೆಕ್ಕವಿಟ್ಟು ಒಪ್ಪಿಸುವುದು ಅಣ್ಣತಮ್ಮಂದಿರು ಬೇರೆಯಾಗುವುದಲ್ಲ. ಒಟ್ಟಿಗೆ ಬಾಳಲು ಮಾಡಿಕೊಳ್ಳುವ ಏರ್ಪಾಡು ಅದು.

ಉತ್ತರ ಕನ್ನಡದ ಸಿದ್ದಿ ಬಂಧುಗಳನ್ನು ಇಲ್ಲಿ ನೆನೆಯಬೇಕು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮತ ಮೂರಾದರೂ ತಮ್ಮನ್ನು ಒಂದು ಬುಡಕಟ್ಟೆಂದು ಪರಿಗಣಿಸಬೇಕೆಂದು ಅವರು ಒತ್ತಾಯಿಸಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮನ್ನಣೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನ ಸದಸ್ಯರಾದರು. ಬಡತನ ಇನ್ನೂ ತೀರಿಲ್ಲ. ಆದರೆ ಒಡೆಯನೂ ಪುರೋಹಿತನೂ ಕೊಟ್ಟ ಭೇದವನ್ನು ದಾಟಿ ನಿಲ್ಲುವುದು ಕನ್ನಡ ಮಾತನಾಡುವ ಆಫ್ರಿಕದ ಮಕ್ಕಳಿಗೆ ಸಾಧ್ಯವಾಗಿದೆ.

ಕೊನೆಯದಾಗಿ ನನ್ನ ವಿನಂತಿ ಇಷ್ಟು. ಕಾಗದಪತ್ರಗಳನ್ನು ಹುಡುಕಿ ಕೊಡುವುದಕ್ಕೆ, ಅರ್ಜಿ ಬರೆದುಕೊಡುವುದಕ್ಕೆ ನಮ್ಮ ಸಂಘಗಳು ವಾರಕ್ಕೊಂದು ದಿನ ತಮ್ಮ ಕಚೇರಿಯ ಬಾಗಿಲನ್ನು ತೆರೆಯಲಿ. ಕರ್ನಾಟಕದ ತಾಲೂಕು ಕಚೇರಿಗಳಿಂದ ಹಳೆಯ ದಾಖಲೆ ತರಿಸುವ ಹೊಣೆಯನ್ನು ಓದುಬರಹ ಬಲ್ಲವರು ಹೊರಲಿ. ಕಾರ್ಯಕಾರಿ ಸಮಿತಿಗಳಲ್ಲಿ ಧಾರಾವಿಯಂಥ ವಸತಿಗಳ ದುಡಿಮೆಗಾರರಿಗೆ, ಅವರ ಹೆಣ್ಣುಮಕ್ಕಳಿಗೆ ಸ್ಥಾನ ಸಿಗಲಿ. ವಲಸೆ ಬಂದ ಪರಿಶಿಷ್ಟರ ಪ್ರಶ್ನೆಯನ್ನು ಎರಡೂ ಸರಕಾರಗಳ ಮುಂದೆ ಇಡುವ ಮನವಿಯನ್ನು ಈ ಸಭೆಯೇ ಸಿದ್ಧಪಡಿಸಲಿ. ಮಾಳಿಗೆಯ ಮೇಲಿರುವವನ ಅರ್ಜಿಗೆ ನೆಲಮಹಡಿಯವನು ಸಾಕ್ಷಿಯ ಸಹಿ ಹಾಕಲಿ. ಆ ಕೆಲಸಕ್ಕೆ ಇಂದೇ ಹೆಸರು ಕೊಡುವವರಿದ್ದರೆ ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಬರೆಸಬೇಕಾಗಿ ಕೇಳಿಕೊಳ್ಳುತ್ತೇನೆ.